ನಾಲ್ಕನೇ ರೀಲಿನ ಗೀರು

"ಇಲ್ಲಿ ಸೈನಿಕನ ಹೆಂಡತಿ ಅಳ್ತಿದ್ದಾಳೆ," ಎಂದು ಅವನು ಸಿನಿಮಾ ನಿಲ್ಲಿಸಿದ.

"ಇಲ್ವೇ ಇಲ್ಲ. ಈ ಮುಖದ ಜೊತೆ ನಾಲ್ಕು ದಿನ ಕೂತಿದ್ದೀನಿ. ಗಟ್ಟಿಗಿತ್ತಿ, ಅಳೋದಿಲ್ಲ," ಎಂದಳು ಅವನ ಜೊತೆ ನೋಡುತ್ತಿದ್ದವಳು.

ಹಳೆಯ ಸಿನಿಮಾಗಳನ್ನು ದುರಸ್ತಿ ಮಾಡುವ ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಒರೆಸಮ್ಮ ಎಂದು. ಕಪ್ಪುಬಿಳುಪಿನ ಈ ಯುದ್ಧದ ಸಿನಿಮಾದಲ್ಲಿ ಅವಳ ಪಾಲಿಗೆ ಬಂದದ್ದು ನಾಲ್ಕನೇ ರೀಲು ಮಾತ್ರ. ಮೂರು ತಿಂಗಳು ಕೂತು ಹದಿನಾಲ್ಕು ಸಾವಿರ ಚಿತ್ರಗಳ ಗೀರು, ಧೂಳನ್ನೆಲ್ಲ ಒರೆಸಿದ್ದಳು. ಅವಳ ಕಂಪ್ಯೂಟರಿನಲ್ಲಿ ಸದ್ದಿರಲಿಲ್ಲ. ಗೋಡೆಯಾಚೆಯ ಕೋಣೆಯಲ್ಲಿ ಅವನು ಅದೇ ಸಿನಿಮಾದ ಸದ್ದನ್ನು ಶುಚಿ ಮಾಡುತ್ತಿದ್ದ. ಅವನಿಗೆ ಚಿತ್ರವಿರಲಿಲ್ಲ. ಲ್ಯಾಬಿನವರು ಅವನಿಗೆ ಕಿವಿ ಎಂದು ಹೆಸರಿಟ್ಟಿದ್ದರು.

ಇವತ್ತು ಚಿತ್ರ, ಸದ್ದು ಎರಡೂ ಒಂದಾಗಿದ್ದವು. ಇಬ್ಬರೂ ಸಿನಿಮಾವನ್ನು ಪೂರ್ತಿ ನೋಡುತ್ತಿರುವುದು ಇದೇ ಮೊದಲು. ಈ ಒಂದು ಕೆಲಸಕ್ಕೆಂದು ಬೇರೆ ಊರಿನಿಂದ ಬಂದಿದ್ದ ಅವನು ನಾಳೆ ಹೊರಡುವವನಿದ್ದ. ಅದನ್ನು ನೆನೆದು ಬೆಳಗಿನಿಂದ ಅವಳಿಗೆ ಒಂದು ತುತ್ತೂ ಗಂಟಲಿಗಿಳಿದಿರಲಿಲ್ಲ. "ಬಾಯಿಬಿಟ್ಟು ಹೇಳೇ, ಎಷ್ಟು ದಿನ ಅಂತ ಒಳಗೊಳಗೇ ನುಂಗ್ತೀಯ," ಎಂದು ಅಕ್ಕ ಫೋನಿನಲ್ಲಿ ಬೈದೂ ಆಗಿತ್ತು.

"ಕೇಳಿ," ಎಂದು ಅವನು ಚಿತ್ರ ಬಂದ್ ಮಾಡಿ ಸದ್ದನ್ನಷ್ಟೇ ಹಾಕಿದ. ಪ್ಲಾಟ್‌ಫಾರ್ಮಿನ ಗದ್ದಲ, ಬೂಟುಗಳು, ರೈಲಿನ ಸಿಳ್ಳೆ. ಅವುಗಳ ನಡುವೆ ಹೆಣ್ಣೊಬ್ಬಳ ಉಸಿರು ಬಿಕ್ಕಿ ನಿಂತಿತು.

ಅವಳು ದಡಬಡನೆ ಹೋಗಿ ಒರೆಸುವ ಮುಂಚಿನ ಮೂಲಚಿತ್ರ ತೆರೆದಳು. ಸೈನಿಕನನ್ನು ಬೀಳ್ಕೊಡುತ್ತಿದ್ದ ಹೆಂಡತಿಯ ಕೆನ್ನೆಯ ಮೇಲೆ ಸಣ್ಣದೊಂದು ಬಿಳಿ ಗೆರೆ ಇಳಿದಿತ್ತು. ಆ ರೀಲಿನ ತುಂಬ ಮೇಲಿಂದ ಕೆಳಕ್ಕೆ ಅಂಥವೇ ಗೀರುಗಳು. ಅವುಗಳ ಜೊತೆ ಇದನ್ನೂ ಒರೆಸಿ ಹಾಕಿದ್ದಳು.

"ಕಣ್ಣೀರನ್ನೇ ಅಳಿಸಿಬಿಟ್ಟಿದ್ದೀನಲ್ರೀ." ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅವನು ಓರೆಗಣ್ಣಿನಲ್ಲಿ ನೋಡಿದ. ತುಟಿಯ ಅಂಚಿನಲ್ಲಿ ನಗು ತಡೆದದ್ದು ಕಾಣುತ್ತಿತ್ತು. "ನಾಲ್ಕು ದಿನ ಜೊತೇಲಿ ಕೂತಿದ್ರಂತೆ?"

"ತಮಾಷೆ ಮಾಡ್ಬೇಡಿ."

"ನನ್ನ ಕಥೆ ಇನ್ನೂ ಕಡೆ. ಮೂರು ತಿಂಗಳು ನಿಮ್ಮ ಗೋಡೆ ಪಕ್ಕ ಕೂತಿದ್ದೆ. ಒಂದೂವರೆಗೆ ಡಬ್ಬಿ ತೆಗೀತೀರಿ, ಯಾರ ಜೊತೇನೂ ಮಾತಿಲ್ಲದೆ ಊಟ ಮುಗಿಸ್ತೀರಿ. ಎಲ್ಲಾ ಕೇಳಿಸೋದು. ಒಂದು ದಿನವಾದ್ರೂ ನಾನು ಬಂದು ಕೂರಬಹುದಿತ್ತು."

"ಮತ್ಯಾಕೆ ಬರ್ಲಿಲ್ಲ?"

"ಧೈರ್ಯ ಸಾಲಲಿಲ್ಲ."

ಅವಳಿಗೆ ಸಿಟ್ಟು ಬಂತು. ಅವನ ಮೇಲೂ, ತನ್ನ ಮೇಲೂ. ಅಷ್ಟು ಮಧ್ಯಾಹ್ನಗಳು ದಂಡವಾಗಿ ಹೋಗಿದ್ದವು.

ಉಳಿದ ಸಿನಿಮಾವನ್ನು ಪಕ್ಕಪಕ್ಕದಲ್ಲಿ ಕೂತು ನೋಡಿದರು. ಸೈನಿಕ ಮರಳಲಿಲ್ಲ. ಹೆಂಡತಿ ಮಾತ್ರ ಪ್ರತಿ ರೈಲಿಗೂ ಬಂದು ನಿಲ್ಲುತ್ತಿದ್ದಳು. ಅವಳನ್ನು ನೋಡುತ್ತ ಒರೆಸಮ್ಮನಿಗೆ ತನ್ನ ಖಾಲಿ ಮನೆ, ಮಾತಾಡದ ಭಾನುವಾರಗಳು ನೆನಪಾಗಿ ಅಳು ತಡೆಯಲಾಗಲಿಲ್ಲ.

ದೀಪ ಹಾಕಿ ಅವನು ಕೇಳಿದ, "ಸರಿಮಾಡೋಕೆ ಎಷ್ಟು ದಿನ ಬೇಕು?"

"ನಾಲ್ಕು."

"ನನ್ನ ಕೆಲಸ ಮುಗೀತು. ನಾಳೆ ಹೊರಡ್ಲೇಬೇಕು, ಅಲ್ಲಿ ಮಾತು ಕೊಟ್ಟಾಗಿದೆ. ಶನಿವಾರ ಒಂದು ಸಲ ಬರ್ತೀನಿ. ಕಣ್ಣೀರು ಸರಿಯಾಗಿ ಕೂತಿದೆಯಾ ನೋಡ್ಬೇಕಲ್ಲ."

"ಅದಕ್ಕಾದ್ರೆ ಬರ್ಬೇಡಿ," ಎಂದಳು. "ಫೈಲ್ ಕಳಿಸ್ತೀನಿ, ಅಲ್ಲೇ ನೋಡ್ಕೊಳ್ಳಿ. ನನಗೋಸ್ಕರ ಆದ್ರೆ ಬನ್ನಿ. ನೀವಂದ್ರೆ ನನಗೆ ಇಷ್ಟ."

ಉಸಿರಿನ ಸದ್ದನ್ನೂ ಬಿಡದೆ ಹಿಡಿಯುವವನು ಕೇಳಿಸಲೇ ಇಲ್ಲವೇನೋ ಎಂಬಂತೆ ನಿಂತುಬಿಟ್ಟ. ಆಮೇಲೆ ಮೆಲ್ಲಗೆ ಹೇಳಿದ, "ಆ ಕಡೆಯಿಂದ ಬರೋ ಟ್ರೈನು ಯಾವಾಗ್ಲೂ ಲೇಟು."

"ಆಗ್ಲಿ ಬಿಡಿ. ಸ್ಟೇಷನ್ನಲ್ಲೇ ಇರ್ತೀನಿ."