ಹಾದುಹೋದ ಧ್ವನಿ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಸ್ಟುಡಿಯೋ ಮಾಲೀಕ ನಿಂತುಕೊಂಡೇ ದೂರು ಹೇಳಿದ. ಮಕ್ಕಳ ಕತೆಗಳನ್ನು ಓದಿಸಿ, ಧ್ವನಿ ಮುದ್ರಿಸಿ ಮಾರುವುದು ಅವನ ಕಸುಬು. ಆ ಕತೆಗಳು ಈಗ ಯಾವುದೋ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಡೌನ್‌ಲೋಡ್ ಆಗುತ್ತಿದ್ದವು. ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರಿಗೆ ಕುತೂಹಲವೇ ಒಂದು ಕಾಯಿಲೆ. ಕಳ್ಳ ಸಿಕ್ಕರೂ, ಕದ್ದದ್ದು ಹೇಗೆಂದು ತಿಳಿಯುವವರೆಗೆ ಊಟ ರುಚಿಸದು. ಕಂಪ್ಯೂಟರ್ ಬಲ್ಲ ಮಹಿಳಾ ಕಾನ್‌ಸ್ಟೆಬಲ್, ಠಾಣೆಯವರ ಬಾಯಲ್ಲಿ ಮೌಸಮ್ಮ, ಆ ವೆಬ್‌ಸೈಟಿಗೆ ಜಾಗ ಬಾಡಿಗೆಗೆ ಕೊಟ್ಟ ಕಂಪನಿಗೆ ಪತ್ರ ಬರೆದಳು. ಮರುದಿನ ಉತ್ತರ ಬಂತು.

"ಸಾರ್, ಅಲ್ಲಿ ಒಂದೂ ಕತೆ ಇಲ್ಲವಂತೆ. ಇರೋದು ಒಂದೇ ಒಂದು ಪುಟ್ಟ ಸ್ಕ್ರಿಪ್ಟು, ನಾಲ್ಕು ಸಾಲಿನ ಕಂಪ್ಯೂಟರ್ ಪ್ರೋಗ್ರಾಮು. ಅದನ್ನ ತೋರಿಸೋಕೆ ಕೋರ್ಟ್ ಆದೇಶ ಬೇಕಂತೆ."

"ಕತೆ ಇಲ್ಲದೆ ಡೌನ್‌ಲೋಡ್ ಏನಮ್ಮ ಆಗತ್ತೆ, ತಲೆನೋವಾ?"

"ಅದು ಇಟ್ಕೊಳ್ಳಲ್ಲ ಸಾರ್. ಬೇರೆ ಎಲ್ಲಿಂದಲೋ ಒಂದು ತುತ್ತು ತರತ್ತೆ, ಕೇಳಿದವರಿಗೆ ಕೊಡತ್ತೆ, ಇನ್ನೊಂದು ತುತ್ತಿಗೆ ಹೋಗತ್ತೆ. ಅದರ ಕೈ ಯಾವಾಗಲೂ ಖಾಲಿ."

ಇನ್ಸ್‌ಪೆಕ್ಟರ್ ಕಣ್ಣರಳಿಸಿದರು. ಎಲ್ಲಿಂದ ಎಂದು ತಿಳಿಯಲು ಅವರೊಂದು ಉಪಾಯ ಹೂಡಿದರು. ಮೌಸಮ್ಮ ಠಾಣೆಯಲ್ಲಿ ಒಂದು ಕತೆಯ ಡೌನ್‌ಲೋಡ್ ಶುರು ಮಾಡಿದಳು. ಅವರು ಸ್ಟುಡಿಯೋದಲ್ಲಿ ಫೋನ್ ಹಿಡಿದುಕೊಂಡೇ ಕತೆಗಳನ್ನೆಲ್ಲ ಇಟ್ಟಿದ್ದ ಸರ್ವರಿನ ಕೇಬಲ್ ಎಳೆದರು.

"ನಿಂತೋಯ್ತು ಸಾರ್! ಅರ್ಧಕ್ಕೇ ನಿಂತೋಯ್ತು!"

"ನೋಡಿ ಸ್ವಾಮಿ, ಕತೆಗಳು ಹೋಗ್ತಿರೋದು ನಿಮ್ಮ ಈ ಪೆಟ್ಟಿಗೆಯಿಂದಾನೇ," ಎಂದರು ಮಾಲೀಕನಿಗೆ.

ಮಾಲೀಕನ ಮುಖ ಇಂಗು ತಿಂದ ಮಂಗನಂತಾಯಿತು. ಸರ್ವರಿನ ಪಾಸ್‌ವರ್ಡ್ ಇದ್ದವರು ನಾಲ್ವರು. ಕೇಬಲ್ ಮತ್ತೆ ಹಾಕಿಸಿ, ಒಬ್ಬೊಬ್ಬರದೇ ಬದಲಾಯಿಸಿ ನೋಡಿದರು. ಮಾಲೀಕನದು ಬದಲಾದರೂ ಕತೆ ಇಳಿಯುತ್ತಿತ್ತು, ಗುಮಾಸ್ತನದು ಬದಲಾದರೂ ಇಳಿಯುತ್ತಿತ್ತು. ಮೂರನೆಯದು ಧ್ವನಿಯಂತ್ರ ನೋಡಿಕೊಳ್ಳುವ, ಎಲ್ಲರೂ 'ತಂತಿ' ಎಂದು ಕರೆಯುವ ಹುಡುಗನದು; ಅದು ಬದಲಾದೊಡನೆ ನಿಂತಿತು. ತಂತಿ ಅಂದು ರಜೆಯಲ್ಲಿದ್ದ.

"ಅವನಾ? ಒಂದು ಪೆನ್ನೂ ಮನೆಗೆ ಒಯ್ದವನಲ್ಲ!" ಮಾಲೀಕ ನಂಬಲಿಲ್ಲ.

"ಇನ್ನೊಂದು ವಿಷಯ. ಇಷ್ಟು ಹೊಸ ಕತೆ ಬಿಟ್ಟು, ಒಬ್ಬರೇ ಓದಿದ ಹಳೇ ಕತೆಗಳು ಮಾತ್ರ ಯಾಕೆ ಹೋಗ್ತಿವೆ?" ಎಂದರು ಇನ್ಸ್‌ಪೆಕ್ಟರ್.

"ಅದು ಅವನ ಅಕ್ಕನ ಧ್ವನಿ. ಗಂಟಲು ಆಪರೇಷನ್ ಆಗಿ ಈಗ ಮಾತೇ ಇಲ್ಲ. ಹೊಸಬರಿಂದ ಓದಿಸಿದೀನಿ, ಹಳೇದನ್ನ ತಿಂಗಳ ಕೊನೆಗೆ ಅಳಿಸಬೇಕು ಅಂತಿದ್ದೆ."

ಇನ್ಸ್‌ಪೆಕ್ಟರ್ ತಂತಿಯ ಮನೆಯ ವಿಳಾಸ ಬರೆದುಕೊಂಡರು.

ಸಂಜೆ ಪಂಚರೊಡನೆ ತಂತಿಯ ಮನೆ ಶೋಧಿಸಿದರು. ಎರಡು ಕೋಣೆ, ಕಿಟಕಿಯ ಬಳಿ ಕೊರಳಿಗೆ ವಸ್ತ್ರ ಸುತ್ತಿಕೊಂಡ ಅಕ್ಕ, ಅವಳ ಮಡಿಲಲ್ಲಿ ಸ್ಲೇಟು. ಕಂಪ್ಯೂಟರಿನಲ್ಲಿ ಒಂದೇ ಒಂದು ಕತೆಯೂ ಸಿಗಲಿಲ್ಲ. ಪಂಚನಾಮೆಯಲ್ಲಿ ಹಾಗೆಯೇ ಬರೆದರು.

"ಸ್ಕ್ರಿಪ್ಟ್ ಬರೆದಿದ್ದು ನೀನೇನಾ?" ಇನ್ಸ್‌ಪೆಕ್ಟರ್ ತಂತಿಯನ್ನು ಕೇಳಿದರು.

"ಹೌದು ಸಾರ್."

"ಒಂದು ನಕಲು ಮಾಡ್ಕೊಂಡು ಸುಮ್ನಿರಬಹುದಿತ್ತಲ್ಲೋ?"

"ನಮ್ಮದಲ್ಲದ್ದು ಮನೆಗೆ ತರಬೇಡ ಅಂತ ಅಕ್ಕ ಬೆಳೆಸಿದಾಳೆ. ಮನೇಲೂ ಇಟ್ಟಿಲ್ಲ, ಆ ಸೈಟಲ್ಲೂ ಇಟ್ಟಿಲ್ಲ. ಯಜಮಾನ್ರು ಅಳಿಸೋ ಮೊದಲು ಕೇಳಿದವರ ಮನೇಲಾದ್ರೂ ಉಳ್ಕೊಳ್ಳಲಿ ಅಂತ ಹಾಯಿಸಿಬಿಟ್ಟೆ. ಅದು ಕಳ್ಳತನ ಅಂತ ಅನ್ನಿಸ್ಲಿಲ್ಲ ಸಾರ್."

ಅಕ್ಕ ಸ್ಲೇಟಿನಲ್ಲಿ ಬರೆದು ಮೇಲೆತ್ತಿದಳು: ಏನು ಕದ್ದ?

"ನಿನ್ನ ಧ್ವನಿ, ಅಕ್ಕಾ," ಎಂದ ತಂತಿ. ಅವಳು ಸ್ಲೇಟನ್ನು ಎದೆಗವಚಿಕೊಂಡು ಅತ್ತಳು. ಅಳುವಿಗೂ ಸದ್ದಿರಲಿಲ್ಲ.

ತಂತಿಯನ್ನು ಬಂಧಿಸಿದರು. ಮರುದಿನ ಸ್ಟುಡಿಯೋದ ಸರ್ವರ್ ಜಪ್ತಿಯಾಗಿ, ಅರಗಿನ ಮುದ್ರೆ ಬಿತ್ತು.

"ವಾಪಸ್ ಬಂದ ಮೇಲೆ ಹಳೇ ಕತೆ ಅಳಿಸಬಹುದಲ್ವಾ?" ಮಾಲೀಕ ಕೇಳಿದ.

"ಇವು ಈಗ ಸಾಕ್ಷ್ಯ. ಕೋರ್ಟು ಹೇಳೋವರೆಗೂ ಒಂದನ್ನೂ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ನಿಮ್ಮ ಮೇಲೂ ಒಂದು ಎಫ್‌ಐಆರ್."

ಲಾಕಪ್ಪಿನಲ್ಲಿ ಇದನ್ನು ಕೇಳಿ ತಂತಿ ಮೊದಲ ಸಲ ನಕ್ಕ. "ಅಕ್ಕಂಗೆ ಹೇಳಿಬಿಡಿ ಸಾರ್."

ಇನ್ಸ್‌ಪೆಕ್ಟರ್ ತಾವೇ ಹೋಗಿ ಹೇಳಿದರು. ಅವಳು ಬರೆದಳು: ಎಷ್ಟು ದಿನ ಇರುತ್ತೆ?

"ಕೇಸು ಮುಗಿಯೋವರೆಗೂ," ಎಂದರು ಅವರು. "ನಮ್ಮ ಕೇಸುಗಳು ಬೇಗ ಮುಗಿಯಲ್ಲ ಕಣಮ್ಮ."