ನಗದ ಮುಖ

ಚಿತ್ರದ ಮೇಲಿನ ಪರದೆ ಸರಿದ ಕೂಡಲೇ ಗ್ಲಫೀರಾ ಹಿಂದಿನ ಸಾಲಿಗೆ ಜಾರಿದಳು. ಅಲ್ಲಿದ್ದದ್ದು ಅವಳದೇ ಮುಖ!

ಸರಾತೊವ್ ಊರಿನ ಕಲಾವಿದರ ತಂಡ ಸುಗ್ಗಿಯ ಆ ದೊಡ್ಡ ಚಿತ್ರವನ್ನು ಕೂಡಿ ಬರೆದಿತ್ತು. ಗೋಧಿ ತೆನೆ ಗ್ಲಫೀರಾಳ ಪಾಲು, ಕೊನೆಗೆ ಒಬ್ಬನೇ ಕೂತು ಬರೆದ ಮುಖಗಳು ಜೊತೆಗಾರ ಅರ್ಸೇನಿಯ ಪಾಲು. ಸಾಮೂಹಿಕ ಹೊಲದ ಹೆಂಗಸರೆಲ್ಲ ನಗುತ್ತಿದ್ದರು. ನಗಲೇಬೇಕು, ಸರ್ಕಾರ ಒಪ್ಪಿದ ಕಲೆ ಅಂದರೆ ಅದೇ. ಒಬ್ಬಳು ಮಾತ್ರ ನಗುತ್ತಿರಲಿಲ್ಲ.

ತನ್ನ ಅಪ್ಪನನ್ನು ಪೊಲೀಸರು ಹಿಡಿದೊಯ್ದ ಮರುದಿನ ಗ್ಲಫೀರಾ ಇದೇ ಮುಖ ಹೊತ್ತು ಕೆಲಸಕ್ಕೆ ಬಂದಿದ್ದಳು. ಆ ಸಂಗತಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ಅವಳನ್ನೂ ಬಿಡುವುದಿಲ್ಲ.

ಇವನಿಗೆ ತಿಳಿದುಬಿಟ್ಟಿದೆ... ನನ್ನನ್ನು ಹಿಡಿದುಕೊಡಲಿಕ್ಕೇ ಬರೆದಿದ್ದಾನೆ...

ಚಿತ್ರಕ್ಕೆ ಒಪ್ಪಿಗೆ ಕೊಡಲು ಬಂದಿದ್ದ ಸಮಿತಿಯ ಮುಖ್ಯಸ್ಥ ಟೀಖನ್ ಕುಜ್ಮಿಚ್, ಟ್ರ್ಯಾಕ್ಟರಿಗೆ ಹೊಳಪು ಸಾಲದು ಎಂದ, ಸುಗ್ಗಿಗೆ ಮೋಡ ಯಾಕೆ ಎಂದ. ಆಮೇಲೆ ಅವನ ಬೆರಳು ಆ ಮುಖದ ಮೇಲೆ ನಿಂತಿತು.

“ಏನಪ್ಪಾ ಅರ್ಸೇನಿ, ಇವಳ್ಯಾಕೆ ಹಲ್ಲುನೋವು ಬಂದವಳ ಹಾಗಿದ್ದಾಳೆ? ಯಾರನ್ನ ಕೂರಿಸಿ ಬರೆದೆ?”

ಹಿಂದಿನ ಸಾಲಿನಲ್ಲಿದ್ದ ಗ್ಲಫೀರಾ ತಲೆವಸ್ತ್ರವನ್ನು ಹುಬ್ಬಿನ ತನಕ ಎಳೆದುಕೊಂಡಳು. ಯಾರಾದರೂ ತಿರುಗಿ ನೋಡಿದರೆ ಮುಗಿಯಿತು.

“ಯಾರನ್ನೂ ಇಲ್ಲ. ನಾನೇ ಕಲ್ಪಿಸಿ ಬರೆದೆ,” ಎಂದ ಅರ್ಸೇನಿ.

ಕಂಡದ್ದನ್ನು ಕೆಟ್ಟದಾಗಿ ಬರೆದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಜನರನ್ನು ಬಿಟ್ಟು ತನ್ನ ತಲೆಯೊಳಗಿನದನ್ನು ಬರೆಯುವುದು ಅಪರಾಧ. ಅವನನ್ನು ಅಲ್ಲೇ ತಂಡದಿಂದ ತೆಗೆದರು. ನಾಳೆಯಿಂದ ರೈಲು ಡಿಪೋದಲ್ಲಿ ಫಲಕ ಬರೆಯಬೇಕು, ಇವತ್ತೇ ಆ ಮುಖವನ್ನು ನಗಿಸಿ ಹೋಗಬೇಕು ಎಂದರು.

ನನ್ನ ಹೆಸರು ಹೇಳಿದ್ದರೆ ಉಳಿದುಕೊಳ್ಳುತ್ತಿದ್ದ...

ಎಲ್ಲರೂ ಹೋದ ಮೇಲೆ ಅವಳು ಹತ್ತಿರ ಬಂದಳು. “ಯಾಕೆ ಬರೆದ್ರಿ?”

“ಬೇಕಂತ ಅಲ್ಲ. ಯಾವ ಮುಖ ಬರೀಲಿಕ್ಕೆ ಹೋದ್ರೂ ನಿಮ್ಮದೇ ಬರ್ತದೆ. ಉಳಿದದ್ದನ್ನೆಲ್ಲ ಅಳಿಸಿದೆ, ಇದೊಂದನ್ನ ಅಳಿಸೋಕೆ ಕೈ ಬರ್ಲಿಲ್ಲ.”

ಅವಳು ಬಾಗಿಲ ಕಡೆ ನೋಡುತ್ತಲೇ ಅಪ್ಪನ ಸಂಗತಿಯನ್ನು ಪಿಸುಗುಟ್ಟಿದಳು. ತನ್ನ ಹತ್ತಿರ ಬಂದವರಿಗೂ ಕುತ್ತು, ದೂರವಿದ್ದರೇ ಕ್ಷೇಮ ಎಂದಳು.

ಅವನು ಕುಂಚವನ್ನು ಬಣ್ಣದಲ್ಲಿ ಅದ್ದಿದ.

“ಹತ್ತಿರ ಬಂದಾಯ್ತಲ್ಲ, ಗ್ಲಾಶಾ. ಈಗ ಸ್ವಲ್ಪ ನಗು,” ಎಂದ, ಅವಳ ಹೆಸರನ್ನು ಮೊದಲ ಸಲ ಮುದ್ದಾಗಿ ಮೊಟಕು ಮಾಡಿ.

“ಹೆದರಿಕೆ ಆಗ್ತದೆ.”

“ನನಗೂ. ಆದ್ರೆ ಕಲ್ಪಿಸಿ ಬರೆಯೋ ಹಾಗಿಲ್ಲ ನೋಡು.”

ಕಣ್ಣು ತುಂಬಿರುವಾಗಲೇ ಅವಳಿಗೆ ನಗು ಬಂತು.

“ನಾಳೆ ಡಿಪೋಗೆ ಬರ್ತೀಯಾ?” ಎಂದ ಅವನು, ಕುಂಚ ನಿಲ್ಲಿಸದೆ.

“ಬರ್ತೀನಿ.”