ಸೈರನ್ ಇಳಿಸಿದವನು

“ಆ ಸೈರನ್ ಕೂಗಿಸಿದ್ದು ನೀವೇನಾ?”

ಅಣೆಕಟ್ಟೆಯ ಬಾಗಿಲು ಕಾಯುವವನ ಕೋಣೆಗೆ ಅವಳು ಮೊದಲ ಸಲ ಕಾಲಿಟ್ಟದ್ದೇ ಈ ಮಾತಿನೊಂದಿಗೆ. ಕಣ್ಣಲ್ಲಿ ಕಿಡಿ, ಕಾಲಲ್ಲಿ ಕೆಸರು.

ಹೊಳೆದಂಡೆಯ ಕಾಲುದಾರಿಯಲ್ಲಿ ಜನರನ್ನು ಜಲಪಾತದವರೆಗೆ ಕರೆದೊಯ್ದು ಹಕ್ಕಿ ತೋರಿಸುವುದು ಅವಳ ಕೆಲಸ. ಜಲಪಾತದ ಬುಡದ ಬಂಡೆಯಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿ ಗೂಡು ಕಟ್ಟಿತ್ತು. ನೀರು ಬಿಡುವ ಮುನ್ನ ಸೈರನ್ ಕೂಗಿದಾಗಲೆಲ್ಲ ತಾಯಿ ಹಕ್ಕಿ ಬೆದರಿ, ಮೊಟ್ಟೆ ಬಿಟ್ಟು ಹಾರುತ್ತಿತ್ತು.

ಅವನು ಬೈಸಿಕೊಂಡ. ಮರುದಿನ ನೋಡಿದರೆ ಸೈರನ್ ಕಂಬದಿಂದ ಇಳಿದಿತ್ತು!

ಮರಿಗಳು ಹಾರುವವರೆಗೆ, ನೀರು ಬಿಡುವ ಮೊದಲು ಅವಳಿಗೆ ಫೋನ್ ಮಾಡುವುದೆಂದು ಮಾತಾಯಿತು. ಅವಳಿಲ್ಲದೆ ಆ ದಾರಿಗೆ ಯಾರನ್ನೂ ಬಿಡುತ್ತಿರಲಿಲ್ಲವಲ್ಲ. ನೀರಿನ ಸುದ್ದಿಗೆಂದು ಶುರುವಾದ ಕರೆಗಳು, ನೀರು ಬಿಡದ ದಿನಗಳಲ್ಲೂ ಬರತೊಡಗಿದವು...

ಆಮೇಲೆ ಅವಳ ಚಿಕ್ಕಮ್ಮ ಸುದ್ದಿ ತಂದಳು. ಅವನಿಗೆ ವರ್ಗವಂತೆ, ತಾನೇ ಒಪ್ಪಿಕೊಂಡು ಬಂದನಂತೆ.

‘ನನಗೊಂದು ಮಾತೂ ಹೇಳದೆ?’ ಅಂದಿನಿಂದ ಅವಳು ಅವನ ಕರೆ ತೆಗೆಯಲಿಲ್ಲ.

ಈ ಬೆಳಗ್ಗೆ ಜೊತೆಗಿದ್ದವರು ಇಬ್ಬರೇ, ನಿವೃತ್ತ ಟೀಚರಮ್ಮ ಮತ್ತು ಅವರ ಗಂಡ. ಮಕ್ಕಳೂ ನಡೆಯಬಲ್ಲ ಸಲೀಸು ದಾರಿ. ಬಂಡೆಯ ಮೇಲೆ ಬಾಲ ಕುಣಿಸುತ್ತಿದ್ದ ಹಕ್ಕಿಯ ಹೆಸರು ಕೇಳಿ ಟೀಚರಮ್ಮ ನಕ್ಕರು.

“ನಮ್ಮನೆಯವ್ರು ಡ್ಯಾನ್ಸ್ ಮಾಡೋದು ನೋಡಿ ಇಟ್ಟಿರ್ಬೇಕು ಬಿಡಮ್ಮ ಈ ಹೆಸರು.”

ಅವಳು ನಗಲಾರದೆ ನಕ್ಕಳು. ಚೀಲದೊಳಗೆ ಫೋನ್ ನಡುಗಿತು. ನಿಂತಿತು. ಮತ್ತೆ ನಡುಗಿತು. ‘ನೆಪ ಹೇಳೋದಕ್ಕೆ ಈಗ ನೆನಪಾಯಿತೇನೋ...’

ಜಲಪಾತದ ಬಳಿ ಬಂದಾಗ ಗಾಳಿ ಸತ್ತಂತಿತ್ತು. ಮಿಂಚುಳ್ಳಿಯೊಂದು ಕೂಗದೆ ಕೆಳಗಿನತ್ತ ಹಾರಿತು. ಹಿಂದೆಯೇ ಬೆಳ್ಳಕ್ಕಿಗಳು, ನೀರುಕಾಗೆಗಳು... ಎಲ್ಲವೂ ಒಂದೇ ದಿಕ್ಕಿಗೆ, ಯಾರೋ ಅಟ್ಟಿಸಿಕೊಂಡು ಬಂದಂತೆ. ಹಕ್ಕಿ ಬಿಟ್ಟುಹೋದ ಹೊಳೆಯಲ್ಲಿ ಕಾಲಿಡಬೇಡ ಎಂದು ಅಜ್ಜಿ ಕತೆಯ ನಡುವೆ ಎಚ್ಚರಿಸುತ್ತಿದ್ದಳು. ಅದು ನೆನಪಾಗಿ ಅವಳು ಹೊಳೆಯತ್ತ ನೋಡಿದಳು.

ದಂಪತಿ ಆಗಲೇ ಬಂಡೆಗೆ ಇಳಿದು ಕಾಲು ಇಳಿಬಿಟ್ಟಿದ್ದರು.

ಮೇಲಿನ ದಂಡೆಯಲ್ಲಿ ಅವನು ಕಾಣಿಸಿದ. ಎರಡೂ ಕೈ ಬೀಸುತ್ತಿದ್ದ. ಬಾಯಿ ತೆರೆಯುತ್ತಿತ್ತು, ಜಲಪಾತದ ಸದ್ದಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೆಲಸದ ಹೊತ್ತಲ್ಲೂ ಬಂದು ಅಂಗಲಾಚುತ್ತಿದ್ದಾನೆ ಎಂದುಕೊಂಡು ಅವಳು ಮುಖ ತಿರುಗಿಸಿದಳು.

ಆಗಲೇ ತಾಯಿ ಹಕ್ಕಿ ಗೂಡಿನಿಂದ ಎದ್ದು ಹಾರಿಹೋಯಿತು. ಸೈರನ್ ಕೂಗಿರಲಿಲ್ಲ. ಆದರೂ ಹಾರಿತು.

ಅವಳಿಗೆ ಅರ್ಥವಾಯಿತು.

“ಅಮ್ಮ, ಏಳಿ! ಮೇಲೆ ಹತ್ತಿ!”

ಅವನು ಜಾರುತ್ತಾ, ಮೊಣಕಾಲು ತರಚಿಕೊಂಡು ಇಳಿದು ಬಂದು, ಟೀಚರಮ್ಮನ ಗಂಡನನ್ನು ಅನಾಮತ್ತು ಎತ್ತಿಕೊಂಡ. ಅವಳು ಟೀಚರಮ್ಮನನ್ನು ಎಳೆದಳು. ದಂಡೆ ಹತ್ತಿದರೋ ಇಲ್ಲವೋ, ಕೆಂಪು ನೀರು ಮರದ ದಿಮ್ಮಿಗಳನ್ನು ಹೊತ್ತು ಧುಮುಕಿತು. ಬಂಡೆ ಕಣ್ಣೆದುರೇ ಮುಳುಗಿತು. ಗೂಡೂ.

ಅಣೆಕಟ್ಟೆಯ ಮೇಲ್ಗಡೆ ರಾತ್ರಿಯಿಡೀ ಮಳೆ ಸುರಿದಿತ್ತಂತೆ. ನೀರು ತುಂಬಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ತಡೆಯುವುದು ಅವನ ಕೈಯಲ್ಲಿರಲಿಲ್ಲ. ಇಳಿಸಿಟ್ಟ ಸೈರನ್ನನ್ನು ಮತ್ತೆ ಕಟ್ಟುವಷ್ಟು ಹೊತ್ತೂ ಇರಲಿಲ್ಲ. ಬಾಗಿಲು ತೆರೆಯುವ ಮುನ್ನವೇ ಓಡಿಬಂದಿದ್ದ.

ವರ್ಗದ ಕತೆಯನ್ನೂ ಅವನು ಏದುಸಿರಿನಲ್ಲೇ ಹೇಳಿದ. ಸೈರನ್ ಕಟ್ಟು, ಇಲ್ಲವೇ ಬೇರೆ ಕಡೆ ಹೋಗು ಎಂದಿದ್ದರು ಎಂಜಿನಿಯರ್. ಮರಿ ಹಾರುವವರೆಗೆ ಕಟ್ಟಲಾರೆ, ವರ್ಗವೇ ಇರಲಿ ಎಂದಿದ್ದ ಇವನು.

ಅವಳ ಕಣ್ಣು ತುಂಬಿತು. “ನಾನೂ ಹಟ ಮಾಡಿದೆ, ನೀವೂ ನನ್ನ ತಾಳಕ್ಕೆ ಕುಣಿದ್ರಿ. ಇವರಿಬ್ಬರ ಜೀವ ಹೋಗ್ತಿತ್ತು.”

“ಎಂಜಿನಿಯರ್ ಹೇಳಿದ್ದೇ ಸರಿ.” ಅವನು ತಲೆ ತಗ್ಗಿಸಿದ. “ನೀವು ಫೋನ್ ತೆಗೀದೇ ಇದ್ದಾಗ... ಅಷ್ಟು ದೂರ ಹೇಗೆ ಓಡಿದೆನೋ ಗೊತ್ತಿಲ್ಲ.”

ಹೊಳೆ ಇನ್ನೂ ಏರುತ್ತಲೇ ಇತ್ತು. ಟೀಚರಮ್ಮ ಗಂಡನ ತಲೆ ಒರೆಸುತ್ತಾ, ಬೇಕೆಂದೇ ಅತ್ತ ತಿರುಗಿ ಕೂತರು.

“ಹೊಸ ಊರಲ್ಲಿ ಮನೆ ಸಿಕ್ತಾ?” ಎಂದಳು ಅವಳು.

“ಒಂದು ಕೋಣೆ. ಒಬ್ಬನಿಗೆ ಸಾಕು ಅಂತ...”

“ಸಾಲಲ್ಲ,” ಎಂದು ಅವಳು ಅವನ ಕೈ ಹಿಡಿದುಕೊಂಡಳು. “ದೊಡ್ಡದು ನೋಡಿ.”